ಹಣಕ್ಕೂ ಒಂದು ಹಾದಿ: ಹುಬ್ಬಳ್ಳಿಯ ಹುಂಡಿಯಿಂದ ಮೊಬೈಲಿನ ಡಾಲರಿನವರೆಗೆ

ಕುಮಟೆಯಲ್ಲಿ ಹತ್ತಿ ಬೆಳೆಯುವುದಿಲ್ಲ. ಕರಾವಳಿಯ ಆ ಮಳೆಗೆ ಹತ್ತಿ ತಾಳುವುದೂ ಇಲ್ಲ. ಆದರೂ ಹತ್ತೊಂಬತ್ತನೆಯ ಶತಮಾನದಲ್ಲಿ ಮುಂಬಯಿ ಪೇಟೆಯ ದಲಾಲರ ಬಾಯಲ್ಲಿ ‘ಕುಮಟಾ ಹತ್ತಿ’ ಎಂಬ ಹೆಸರು ದಿನವೂ ಕೇಳಿಬರುತ್ತಿತ್ತು. ಅದು ಬೆಳೆದದ್ದು ಧಾರವಾಡ ಜಿಲ್ಲೆಯ ಎರೆಹೊಲಗಳಲ್ಲಿ. ಹುಬ್ಬಳ್ಳಿಯಲ್ಲಿ ಕೈಬದಲಾಗಿ, ಎತ್ತಿನ ಗಾಡಿಗಳಲ್ಲಿ ಶಿರಸಿಯನ್ನು ಹಾದು, ದೇವಿಮನೆ ಘಟ್ಟ ಇಳಿದು, ಕುಮಟೆಯ ಬಂದರಿನಲ್ಲಿ ಹಡಗು ಹತ್ತಿ ಮುಂಬಯಿಗೆ ಹೋಗುತ್ತಿತ್ತು. ಹೀಗೆ ಸರಕಿಗೆ ಬೆಳೆದ ಊರಿನ ಬದಲು ಸಾಗಿ ಬಂದ ಹಾದಿಯ ಹೆಸರೇ ಅಂಟಿಕೊಂಡಿತು.

ಹತ್ತಿ ಘಟ್ಟ ಇಳಿದು ಹೋದ ಮೇಲೆ ಅದರ ಹಣ ಘಟ್ಟ ಹತ್ತಿ ಬರಬೇಕಲ್ಲವೆ? ಹಣಕ್ಕೂ ಒಂದು ಹಾದಿ ಬೇಕು. ಯಾವ ಹಾದಿಯಲ್ಲಿ ಕಳುಹಿಸಬೇಕು, ಆ ಹಾದಿಯ ಕೊನೆಯಲ್ಲಿ ಕೈಚಾಚಿ ನಿಂತವರು ಯಾರು, ನಡುವೆ ತಪ್ಪಿಹೋದರೆ ಯಾರನ್ನು ಕೇಳಬೇಕು ಎಂಬ ಮೂರು ಪ್ರಶ್ನೆಗಳು ವ್ಯಾಪಾರದಷ್ಟೇ ಹಳೆಯವು. ಇಂದು ಹುಬ್ಬಳ್ಳಿಯ ಕಮರಿಪೇಟೆಯ ಓಣಿಯೊಂದರಲ್ಲಿ ಕುಳಿತ ತರುಣನೊಬ್ಬ ತನ್ನ ಮೊಬೈಲಿನಲ್ಲಿರುವ ‘ಡಿಜಿಟಲ್ ಡಾಲರ್’ಗಳನ್ನು ಒಂದು ವಿನಿಮಯ ಕೇಂದ್ರದಿಂದ ಇನ್ನೊಂದಕ್ಕೆ ಸಾಗಿಸಲು ಹೊರಟಾಗ ಪರದೆಯ ಮೇಲೆ ಒಂದು ಸೂಚನೆ ಮೂಡುತ್ತದೆ: ನೆಟ್‌ವರ್ಕ್ ಆರಿಸಿ. ಕೆಳಗೆ ಇಥೀರಿಯಂ, ಟ್ರಾನ್, ಬಿ.ಎನ್.ಬಿ., ಪಾಲಿಗಾನ್, ಸೊಲಾನಾ ಎಂದು ಐದಾರು ಹೆಸರುಗಳು. ಹೊಸದಾಗಿ ಕಂಡರೂ ಇದು ಆ ಹಳೆಯ ಪ್ರಶ್ನೆಯೇ. ಆದರೆ ಹಳೆಯ ಪೇಟೆಯಲ್ಲಿ ಇದಕ್ಕಿದ್ದ ಒಂದು ಉತ್ತರ ಹೊಸ ಪೇಟೆಯಲ್ಲಿ ಕಾಣೆಯಾಗಿದೆ. ಅದು ಯಾವುದೆಂದು ತಿಳಿಯಲು ಕೊಂಚ ಹಿಂದೆ ಹೋಗಬೇಕು.

ಹುಬ್ಬಳ್ಳಿ ಮೊದಲಿನಿಂದಲೂ ಹಣ ಹರಿದಾಡುವ ಊರು. ಹದಿನೇಳನೆಯ ಶತಮಾನದಲ್ಲಿ ಕಾರವಾರದ ಇಂಗ್ಲಿಷ್ ಕೋಠಿಗೆ ಬೇಕಾದ ಬಟ್ಟೆ ಇಲ್ಲಿಂದಲೇ ಹೋಗುತ್ತಿತ್ತು. ಕಂಪನಿಯವರು ಇಲ್ಲಿಯೂ ಒಂದು ಕೋಠಿ ಇಟ್ಟಿದ್ದರು. 1673ರಲ್ಲಿ ಮರಾಠಾ ಸೈನ್ಯ ಊರನ್ನು ಸೂರೆ ಮಾಡಿದಾಗ ಆ ಕೋಠಿಯೂ ಉಳಿಯಲಿಲ್ಲ. ಮುಂದೆ ಸವಣೂರು ನವಾಬರ ಕಾಲದಲ್ಲಿ, 1727ರಲ್ಲಿ, ಬಸಪ್ಪ ಶೆಟ್ಟರೆಂಬ ವರ್ತಕರು ದುರ್ಗದಬೈಲಿನ ಸುತ್ತ ಹೊಸ ಹುಬ್ಬಳ್ಳಿಯನ್ನು ಕಟ್ಟಿದರು ಎಂಬುದು ಊರಿನವರೆಲ್ಲ ಬಲ್ಲ ಸಂಗತಿ. ಅನಂತರ ಊರು ಮರಾಠರ ಕೈಯಿಂದ ಹೈದರನ ಕೈಗೆ, ಮತ್ತೆ ಮರಾಠರ ಕೈಗೆ, 1817 ಮತ್ತು 1820ರಲ್ಲಿ ಎರಡು ಕಂತುಗಳಲ್ಲಿ ಬ್ರಿಟಿಷರ ಕೈಗೆ ಹೋಯಿತು. ಇಂಥ ಕಾಲದಲ್ಲಿ ಬೆಳ್ಳಿಯ ಚೀಲವನ್ನು ಗಾಡಿಗೆ ಹೇರಿಕೊಂಡು ಘಟ್ಟದ ಕಾಡಿನಲ್ಲಿ ಸಾಗುವುದು ಜಾಣತನವಾಗಿರಲಿಲ್ಲ.

ಜೊತೆಗೆ ಇನ್ನೊಂದು ತೊಡಕು. ರೂಪಾಯಿ ಎಂಬ ಹೆಸರು ಒಂದೇ ಆದರೂ ರೂಪಾಯಿಗಳು ಹಲವು. ಬಾಗಲಕೋಟೆಯ ಟಂಕಸಾಲೆಯ ಮಲ್ಹಾರಶಾಹಿ ರೂಪಾಯಿ ಬೇರೆ, ಸೂರತ್ತಿನ ರೂಪಾಯಿ ಬೇರೆ. ಇವುಗಳ ನಡುವೆ ಹಳೆಯ ಹೊನ್ನು, ವರಹಗಳು. ಯಾವುದರಲ್ಲಿ ಎಷ್ಟು ಬೆಳ್ಳಿ, ಎಷ್ಟು ಬಟ್ಟಾ ಮುರಿದುಕೊಳ್ಳಬೇಕು ಎಂದು ಹೇಳಲು ಸರಾಫರೇ ಬೇಕಾಗಿತ್ತು. ಒಂದು ಊರಿನಲ್ಲಿ ಪೂರ್ತಿ ಬೆಲೆಗೆ ನಡೆಯುವ ನಾಣ್ಯ ಮುಂದಿನ ಊರಿನಲ್ಲಿ ಎರಡಾಣೆ ಕಳೆದುಕೊಳ್ಳುವುದು ಸಾಮಾನ್ಯ. 1835ರಲ್ಲಿ ಕಂಪನಿ ಸರ್ಕಾರ 180 ಗ್ರೇನ್ ತೂಕದ, ಅದರಲ್ಲಿ 165 ಗ್ರೇನ್ ಶುದ್ಧ ಬೆಳ್ಳಿಯ ಒಂದೇ ರೂಪಾಯಿಯನ್ನು ಜಾರಿಗೆ ತಂದ ಮೇಲೆಯೇ ಈ ಗೊಂದಲ ಮೆಲ್ಲಮೆಲ್ಲನೆ ಕರಗಿದ್ದು.

ಈ ಎರಡೂ ತೊಡಕುಗಳಿಗೆ ವರ್ತಕರು ಕಂಡುಕೊಂಡ ಉಪಾಯ ಹುಂಡಿ. ಇಂದಿನವರಿಗೆ ಹುಂಡಿ ಎಂದರೆ ದೇವಸ್ಥಾನದ ಕಾಣಿಕೆ ಪೆಟ್ಟಿಗೆ; ಸ್ವಲ್ಪ ಪತ್ರಿಕೆ ಓದುವವರಿಗೆ ಹವಾಲಾದ ಇನ್ನೊಂದು ಹೆಸರು. ಎರಡೂ ಈ ಮಾತಿನ ಹಳೆಯ ಮರ್ಯಾದೆಗೆ ತಕ್ಕವಲ್ಲ. ಹುಂಡಿಯೆಂದರೆ ಒಬ್ಬ ಸಾಹುಕಾರ ಇನ್ನೊಂದು ಊರಿನಲ್ಲಿರುವ ತನ್ನ ಬಳಕೆಯ ಸಾಹುಕಾರನಿಗೆ ಬರೆದ ಕಾಗದ: ಇದನ್ನು ತಂದವರಿಗೆ ಇಷ್ಟು ಹಣ ಕೊಡಿ, ನಮ್ಮ ಲೆಕ್ಕಕ್ಕೆ ಬರೆದುಕೊಳ್ಳಿ. ಹುಬ್ಬಳ್ಳಿಯ ಹತ್ತಿ ವರ್ತಕನಿಗೆ ಮುಂಬಯಿಯಲ್ಲಿ ಬರತಕ್ಕ ಹಣವಿದೆ. ಅದೇ ಹುಬ್ಬಳ್ಳಿಯ ಬಟ್ಟೆ ವರ್ತಕನಿಗೆ ಮುಂಬಯಿಯಲ್ಲಿ ಕೊಡತಕ್ಕ ಹಣವಿದೆ. ಮೊದಲನೆಯವನು ಮುಂಬಯಿಯ ಮೇಲೆ ಹುಂಡಿ ಬರೆದು ಎರಡನೆಯವನಿಗೆ ಮಾರುತ್ತಾನೆ, ಹುಬ್ಬಳ್ಳಿಯಲ್ಲಿಯೇ ನಗದು ಎಣಿಸಿಕೊಳ್ಳುತ್ತಾನೆ. ಎರಡನೆಯವನು ಅದನ್ನು ಮುಂಬಯಿಗೆ ಕಳುಹಿಸಿ ತನ್ನ ಸಾಲ ತೀರಿಸುತ್ತಾನೆ. ಬೆಳ್ಳಿ ಅಲುಗಾಡಲಿಲ್ಲ, ಎರಡು ಊರಿನ ಕಿರ್ದಿಪುಸ್ತಕಗಳಲ್ಲಿ ಎರಡು ಸಾಲುಗಳು ಮಾತ್ರ ಬದಲಾದವು.

ಹುಂಡಿಯ ಬೆಲೆಗೆ ಹುಂಡಾವಣ ಎಂಬ ಹೆಸರಿತ್ತು. ಅದು ಸದಾ ಒಂದೇ ಆಗಿರುತ್ತಿರಲಿಲ್ಲ. ಹತ್ತಿಯ ಸುಗ್ಗಿಯಲ್ಲಿ ಎಲ್ಲರೂ ಮುಂಬಯಿಯ ಮೇಲಿನ ಹುಂಡಿಗಳನ್ನು ಮಾರಲು ನಿಂತರೆ ಅವುಗಳ ಬೆಲೆ ಇಳಿಯುವುದು ಸಹಜ. ಸುಗ್ಗಿ ಮುಗಿದು ಮಳೆಗಾಲ ಕಾಲಿಟ್ಟು ಕುಮಟೆಯ ಕಡಲು ಮುಚ್ಚಿದಾಗ ಏರುವುದೂ ಸಹಜ. ಸರಕಿಗೂ ಇಂಥದೇ ಒಂದು ಏರ್ಪಾಡಿತ್ತು. ದಾರಿಯ ಸುಂಕ, ಬಾಡಿಗೆಗಳನ್ನೆಲ್ಲ ಸೇರಿಸಿ ಒಂದೇ ಮೊತ್ತಕ್ಕೆ ಸಾಗಣೆ ಒಪ್ಪಿಕೊಳ್ಳುವವನಿಗೆ ಹುಂಡೇಕರಿ ಎನ್ನುತ್ತಿದ್ದರು. ಹುಂಡೇಕಾರ ಎಂಬ ಅಡ್ಡಹೆಸರು ಈ ಸೀಮೆಯಲ್ಲಿ ಇಂದಿಗೂ ಕೇಳಿಬರುತ್ತದೆ.

ಹುಂಡಿಯ ನಿಜವಾದ ಚಾತುರ್ಯ ಇರುವುದು ಅದರ ಬರವಣಿಗೆಯಲ್ಲಿ. ಮೊತ್ತವನ್ನು ಒಮ್ಮೆ ಬರೆದು ಬಿಡುತ್ತಿರಲಿಲ್ಲ. ಸಾವಿರ ರೂಪಾಯಿ ಎಂದಿದ್ದರೆ, ಅದರ ಅರ್ಧ ಐದು ನೂರು, ಆ ಐದು ನೂರರ ಇಮ್ಮಡಿ ಪೂರ್ತಿ ಎಂದು ಮತ್ತೆ ಬರೆಯುತ್ತಿದ್ದರು. ಒಂದು ಸೊನ್ನೆ ಸೇರಿಸಿ ಹತ್ತು ಸಾವಿರ ಮಾಡಲು ಹೊರಟವನು ಮೂರು ಕಡೆ ತಿದ್ದಬೇಕು. ಯಾವ ಮಿತಿಗೆ ಬರೆದದ್ದು, ಯಾವ ಊರಿನ ಯಾವ ಪೇಢಿಯ ಮೇಲೆ, ಕಂಡ ಕೂಡಲೇ ಕೊಡಬೇಕಾದ ದರ್ಶನಿಯೋ, ಇಷ್ಟು ದಿನ ಕಳೆದು ಕೊಡಬೇಕಾದ ಮುದ್ದತಿಯೋ ಎಂಬುದೆಲ್ಲ ಕಾಗದದ ಮೇಲೆಯೇ ಇರುತ್ತಿತ್ತು.

ಅದಕ್ಕಿಂತ ಮುಖ್ಯವಾದದ್ದು ‘ಜೋಗ್’ ಎಂಬ ಮಾತು. ಯಾರಿಗೆ ಯೋಗ್ಯ, ಯಾರ ಕೈಗೆ ಸಲ್ಲತಕ್ಕದ್ದು ಎಂದು ಅದರ ಅರ್ಥ. ನಾಮ್‌ಜೋಗ್ ಆದರೆ ಹೆಸರಿಸಿದ ವ್ಯಕ್ತಿಗೇ ಕೊಡಬೇಕು. ಧನಿಜೋಗ್ ಆದರೆ ಒಡೆಯನಾದವನಿಗೆ. ತಂದು ತೋರಿಸಿದವನಿಗೆಲ್ಲ ಹಣ ಕೊಡುವ ದೇಖಾವನ್‌ಹಾರ್ ಹುಂಡಿಯೂ ಇತ್ತು. ಅದು ಕಳೆದರೆ ಕಳೆದಂತೆಯೇ. ಎಲ್ಲಕ್ಕಿಂತ ಹೆಚ್ಚು ಬಳಕೆಯಲ್ಲಿದ್ದದ್ದು ಶಹಾಜೋಗ್. ಇದರ ಹಣವನ್ನು ಪೇಟೆಯಲ್ಲಿ ಹೆಸರುಳ್ಳ ಒಬ್ಬ ‘ಶಹಾ’, ಅಂದರೆ ಮರ್ಯಾದಸ್ಥ ಸಾಹುಕಾರ, ತನ್ನ ಕೈಯಿಂದಲೇ ಪಡೆಯಬೇಕು. ದಾರಿಯಲ್ಲಿ ಹುಂಡಿ ಕದ್ದ ಕಳ್ಳ ನೇರವಾಗಿ ಪೇಢಿಗೆ ಹೋಗಿ ಹಣ ಕೇಳುವಂತಿಲ್ಲ; ಅವನಿಗೂ ಒಬ್ಬ ಶಹಾ ಬೇಕು. ಹಣ ಪಡೆದ ಮೇಲೆ ಹುಂಡಿ ಕಳವಿನದೆಂದೋ ಖೋಟಾ ಎಂದೋ ಗೊತ್ತಾದರೆ ಆ ಶಹಾ ಬಡ್ಡಿಸಹಿತ ಹಣ ಹಿಂದಿರುಗಿಸಬೇಕು ಎಂಬುದು ಪದ್ಧತಿ. ಕಾಗದದ ಕೊನೆಯಲ್ಲಿ ಹೀಗೆ ಒಬ್ಬ ಮನುಷ್ಯ ನಿಂತಿರುತ್ತಿದ್ದ, ಅವನ ಹೆಸರು ಊರಿಗೆಲ್ಲ ಗೊತ್ತಿರುತ್ತಿತ್ತು.

ಇಷ್ಟಾದರೂ ಕಾಗದ ಕಳೆಯುವುದುಂಟು. ಟಪಾಲಿನವನು ಹೊಳೆ ದಾಟುವಾಗ ಚೀಲ ನೆನೆಯಬಹುದು, ದರೋಡೆಯಾಗಬಹುದು. ಆಗ ಹುಂಡಿ ಬರೆದವನ ಹತ್ತಿರ ಹೋಗಿ ‘ಪೇಠ’ ಬರೆಸಿಕೊಳ್ಳಬೇಕು. ಕಮರಿಪೇಟೆ, ದಾಜಿಬಾನಪೇಟೆ, ಗಣೇಶಪೇಟೆಗಳ ಪೇಟೆಗೂ ಈ ಪೇಠಕ್ಕೂ ಸಂಬಂಧ ಕಲ್ಪಿಸುವುದು ಬೇಡ. ಇದು ಹುಂಡಿಯ ಎರಡನೆಯ ಪ್ರತಿ. ಮೊದಲಿನ ಹುಂಡಿ ಇಂಥ ಮಿತಿಯದು, ಅದರ ಹಣ ಸಂದಿಲ್ಲವೆಂದು ನಿಮ್ಮ ಪುಸ್ತಕದಲ್ಲಿ ನೋಡಿಕೊಂಡು ಇದಕ್ಕೆ ಹಣ ಕೊಡಿ ಎಂಬುದು ಅದರ ತಾತ್ಪರ್ಯ. ಪೇಠವೂ ಕಳೆಯಿತೆ? ‘ಪರಪೇಠ’. ಅದೂ ಕಳೆಯಿತೆ? ಊರಿನ ಪಂಚರು ಸಾಕ್ಷಿ ಹಾಕಿದ ‘ಮೇಜರ್‌ನಾಮೆ’. ಹೀಗೆ ಒಂದು ಹಣಕ್ಕೆ ನಾಲ್ಕು ಕಾಗದಗಳವರೆಗೆ ಅವಕಾಶ. ಹಣ ಕೊಡಬೇಕಾದ ಪೇಢಿಯವನೇ ಒಲ್ಲೆನೆಂದರೆ? ಅದಕ್ಕೂ ‘ಜಿಕ್ರಿ ಚೀಟಿ’ ಎಂಬುದಿತ್ತು; ಅದೇ ಊರಿನ ಇನ್ನೊಬ್ಬ ಸಾಹುಕಾರನಿಗೆ ಬರೆದ ಪತ್ರ: ಅವರು ಕೊಡದಿದ್ದರೆ ನಮ್ಮ ಮಾನಕ್ಕಾಗಿ ನೀವು ಕೊಡಿ. ಹಣ ಸಂದ ಹುಂಡಿಗೆ ‘ಖೋಖಾ’ ಎಂಬ ಹೆಸರು ಬಂದು ಅದು ದಫ್ತರಿನಲ್ಲಿ ಬೀಳುತ್ತಿತ್ತು.

ಪಶ್ಚಿಮ ಕರಾವಳಿಯ ಗುಜರಾತಿ ವರ್ತಕರಲ್ಲಿ ‘ಜೋಖಮಿ’ ಎಂಬ ಇನ್ನೊಂದು ಬಗೆಯ ಹುಂಡಿ ನಡೆಯುತ್ತಿತ್ತು. ಹಡಗಿಗೆ ಹೇರಿದ ಸರಕಿನ ಮೇಲೆ ಬರೆದ ಹುಂಡಿ ಅದು. ಹಡಗು ದಡ ಮುಟ್ಟಿದರೆ ಮಾತ್ರ ಹಣ. ಮುಳುಗಿದರೆ ಹುಂಡಿ ಕೊಂಡವನ ಹಣವೂ ಮುಳುಗಿತು. ಆದರೆ ಮುಳುಗುವ ಸಂಭವ ಹೆಸರಿನಲ್ಲಿಯೇ ಇತ್ತು. ಕೊಳ್ಳುವವನು ಅದನ್ನು ತಿಳಿದೇ, ಬೆಲೆಯಲ್ಲಿ ಅಷ್ಟು ಮುರಿದುಕೊಂಡೇ ಕೊಳ್ಳುತ್ತಿದ್ದ.

ಬ್ರಿಟಿಷ್ ಸರ್ಕಾರ ಈ ಪದ್ಧತಿಗೆ ಕೈಹಾಕುವ ಗೋಜಿಗೆ ಹೋಗಲಿಲ್ಲ. 1881ರ ವರ್ಗಾವಣೀಯ ಪತ್ರಗಳ ಕಾಯಿದೆ, ಅಂದರೆ ಇಂದಿಗೂ ಚೆಕ್‌ಬೌನ್ಸ್ ಮೊಕದ್ದಮೆಗಳಿಗೆ ಆಧಾರವಾಗಿರುವ ಆ ಕಾಯಿದೆ, ತನ್ನ ಮೊದಲನೆಯ ಕಲಮಿನಲ್ಲಿಯೇ ಪೌರ್ವಾತ್ಯ ಭಾಷೆಗಳಲ್ಲಿ ಬರೆದ ಪತ್ರಗಳ ಸ್ಥಳೀಯ ಪದ್ಧತಿಗೆ ಬಾಧೆಯಿಲ್ಲವೆಂದು ಬಿಟ್ಟುಕೊಟ್ಟಿತು. ಪೇಟೆಯ ರೂಢಿಯೇ ಕಾನೂನು ಎಂದಂತಾಯಿತು. ಹುಂಡಿಯನ್ನು ಬದಿಗೆ ಸರಿಸಿದ್ದು ಕಾನೂನಲ್ಲ, ಹೊಸ ಹಾದಿಗಳು. 1880ರ ಜನವರಿಯಿಂದ ಅಂಚೆ ಇಲಾಖೆ ಮನಿಆರ್ಡರ್ ಆರಂಭಿಸಿತು. ಅದೇ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆ ಹುಬ್ಬಳ್ಳಿಗೆ ಬಂತು, 1886ರಲ್ಲಿ ಕಾರ್ಖಾನೆಯೂ ಬಂತು. ದಶಕ ಮುಗಿಯುವಷ್ಟರಲ್ಲಿ ರೈಲು ಮರ್ಮಗೋವಾ ಬಂದರನ್ನು ಮುಟ್ಟಿತು. ಹತ್ತಿ ರೈಲು ಹತ್ತಿತು. ದೇವಿಮನೆ ಘಟ್ಟದ ಗಾಡಿಗಳ ಸಾಲು ತೆಳುವಾಯಿತು. ಕುಮಟೆಯ ಬಂದರಿಗೆ ಬರುವ ಹತ್ತಿ ಕಡಿಮೆಯಾದರೂ ‘ಕುಮಟಾ ಹತ್ತಿ’ಯ ಹೆಸರು ಪೇಟೆಯಲ್ಲಿ ಬಹಳ ಕಾಲ ಉಳಿಯಿತು.

ಇನ್ನು ಇತ್ತೀಚಿನ ಹಾದಿಗಳು ಓದುಗರಿಗೆ ಪರಿಚಿತವೇ. 2004ರ ಆರ್.ಟಿ.ಜಿ.ಎಸ್., 2005ರ ನೆಫ್ಟ್, 2016ರ ಯು.ಪಿ.ಐ. ಇವುಗಳಲ್ಲಿ ಹಾದಿ ಆರಿಸುವ ತಲೆನೋವು ಇಲ್ಲವೆಂದೇ ಹೇಳಬೇಕು. ತಪ್ಪು ಹಾದಿ ಆರಿಸಿದರೆ ಹಣ ಬಹುಮಟ್ಟಿಗೆ ಹೊರಡುವುದೇ ಇಲ್ಲ. ತಪ್ಪು ಖಾತೆಗೆ ಹೋದರೂ ವಿಚಾರಿಸಲು ಬ್ಯಾಂಕಿನ ಶಾಖೆ ಇದೆ, ಅದರ ಮೇಲೆ ರಿಸರ್ವ್ ಬ್ಯಾಂಕಿನ ಲೋಕಪಾಲರಿದ್ದಾರೆ.

ಕಮರಿಪೇಟೆಯ ತರುಣನ ಡಾಲರಿನ ಸಂಗತಿ ಬೇರೆ. ಆತನ ಮೊಬೈಲಿನಲ್ಲಿರುವುದು ಅಮೆರಿಕದ ಸರ್ಕಾರದ ಡಾಲರ್ ಅಲ್ಲ. ‘ನಮ್ಮ ಒಂದು ನಾಣ್ಯಕ್ಕೆ ಒಂದು ಡಾಲರ್’ ಎಂದು ಖಾಸಗಿ ಕಂಪನಿಯೊಂದು ಕೊಟ್ಟ ಮಾತು. ಇದಕ್ಕೆ ಸ್ಟೇಬಲ್‌ಕಾಯಿನ್ ಎನ್ನುತ್ತಾರೆ. ಬಿಟ್‌ಕಾಯಿನಿನಂತೆ ಬೆಲೆ ಏರಿಳಿಯದೆ ಡಾಲರಿಗೆ ಕಟ್ಟಿಹಾಕಿದ ನಾಣ್ಯ. ಇವುಗಳಲ್ಲಿ ಹಿರಿಯದು 2014ರಲ್ಲಿ ಆರಂಭವಾದ ಟೆದರ್. ಅದರ ನಾಣ್ಯದ ಹೆಸರು ಯು.ಎಸ್.ಡಿ.ಟಿ. ಎರಡನೆಯದು ಸರ್ಕಲ್ ಎಂಬ ಕಂಪನಿ 2018ರಲ್ಲಿ ತಂದ ಯು.ಎಸ್.ಡಿ.ಸಿ. ಕಟ್ಟು ಕೆಲವೊಮ್ಮೆ ಸಡಿಲುವುದೂ ಉಂಟು. 2023ರ ಮಾರ್ಚಿನಲ್ಲಿ ಅಮೆರಿಕದ ಸಿಲಿಕಾನ್ ವ್ಯಾಲಿ ಬ್ಯಾಂಕ್ ಮುಳುಗಿದಾಗ, ಅದರಲ್ಲಿ ಠೇವಣಿ ಇಟ್ಟಿದ್ದ ಸರ್ಕಲ್‌ನ ನಾಣ್ಯ ಒಂದೆರಡು ದಿನ 90 ಸೆಂಟುಗಳಿಗಿಂತ ಕೆಳಗೆ ಇಳಿದು ಮತ್ತೆ ಮೇಲೆ ಬಂತು. 2022ರ ಮೇ ತಿಂಗಳಲ್ಲಿ ಕುಸಿದ ಟೆರಾಯುಎಸ್‌ಡಿ ಮೇಲೇಳಲೇ ಇಲ್ಲ.

ನಾಣ್ಯ ಒಂದೇ, ಆದರೆ ಅದನ್ನು ಬರೆದಿಡುವ ಪುಸ್ತಕಗಳು ಹಲವು. ತೊಡಕು ಇರುವುದು ಇಲ್ಲಿಯೇ. ಬ್ಲಾಕ್‌ಚೈನ್ ಎಂಬ ದೊಡ್ಡ ಹೆಸರಿನ ವಸ್ತು ಮೂಲತಃ ಒಂದು ಕಿರ್ದಿಪುಸ್ತಕ. ಒಬ್ಬ ಗುಮಾಸ್ತನ ಬದಲು ಸಾವಿರಾರು ಕಂಪ್ಯೂಟರುಗಳು ಅದನ್ನು ಬರೆಯುತ್ತವೆ, ಒಮ್ಮೆ ಬರೆದದ್ದನ್ನು ಅಳಿಸಲು ಬರುವುದಿಲ್ಲ. ಟೆದರ್ ಕಂಪನಿ ತನ್ನ ನಾಣ್ಯಗಳನ್ನು ಇಥೀರಿಯಂ ಎಂಬ ಪುಸ್ತಕದಲ್ಲಿ ಕೆಲವನ್ನು, ಟ್ರಾನ್ ಎಂಬ ಪುಸ್ತಕದಲ್ಲಿ ಕೆಲವನ್ನು, ಸೊಲಾನಾ ಮೊದಲಾದವುಗಳಲ್ಲಿ ಕೆಲವನ್ನು ಬರೆದಿದೆ. ಒಂದು ಪುಸ್ತಕದ ಸಾಲು ಇನ್ನೊಂದು ಪುಸ್ತಕಕ್ಕೆ ತಾನಾಗಿ ಜಿಗಿಯುವುದಿಲ್ಲ. ವಿನಿಮಯ ಕೇಂದ್ರದಲ್ಲಿ ‘ಟ್ರಾನ್ ಮೂಲಕ ಕಳುಹಿಸು’ ಎಂದು ಒತ್ತಿದರೆ ಆಗುವುದಿಷ್ಟೆ: ಆ ಕೇಂದ್ರ ಟ್ರಾನ್ ಪುಸ್ತಕದಲ್ಲಿರುವ ತನ್ನ ದಾಸ್ತಾನಿನಿಂದ ಅಷ್ಟು ನಾಣ್ಯವನ್ನು ನೀವು ಕೊಟ್ಟ ವಿಳಾಸಕ್ಕೆ ಬರೆಯುತ್ತದೆ. ಪಡೆಯುವ ಕೇಂದ್ರವೂ ಅದೇ ಪುಸ್ತಕದಲ್ಲಿ ಅದೇ ವಿಳಾಸದ ಮೇಲೆ ಕಣ್ಣಿಟ್ಟಿದ್ದರೆ ಜಮಾ ಮಾಡಿಕೊಳ್ಳುತ್ತದೆ. ಇಲ್ಲದಿದ್ದರೆ ಅದಕ್ಕೆ ಗೊತ್ತೇ ಆಗುವುದಿಲ್ಲ. ಎರಡೂ ಪೇಢಿಗಳಿಗೆ ಒಂದೇ ಊರಿನಲ್ಲಿ ವ್ಯವಹಾರವಿದ್ದರೆ ತಾನೆ ಹುಂಡಿ ನಡೆಯುವುದು?

ಹಾದಿಗಳ ಬೆಲೆಯಲ್ಲಿ ಅಜಗಜಾಂತರವಿದೆ. ಇಥೀರಿಯಂ ಹಳೆಯ, ಹೆಚ್ಚು ಬಳಕೆಯ ಪೇಟೆ. ಜನ ನೆರೆದಾಗ ಸುಂಕ ಏರುತ್ತದೆ. 2021ರ ಭರಾಟೆಯಲ್ಲಿ ಒಂದು ಸಾಗಣೆಗೆ ಹತ್ತಾರು ಡಾಲರ್ ಸುಂಕ ಬಿದ್ದ ದಿನಗಳಿದ್ದವು. ನೂರು ಡಾಲರ್ ಕಳುಹಿಸಲು ಮೂವತ್ತು ಡಾಲರ್ ಕೊಡುವವರು ಯಾರು? 2019ರಲ್ಲಿ ಟೆದರ್ ಟ್ರಾನ್ ಪುಸ್ತಕಕ್ಕೆ ಕಾಲಿಟ್ಟದ್ದೇ ಸಣ್ಣ ಮೊತ್ತದವರು ಅತ್ತ ಹರಿದರು. ಇಂದು ಟೆದರಿನ ದೊಡ್ಡ ಪಾಲು ಅಲ್ಲಿಯೇ ಇದೆ. ಹುಂಡಾವಣದ ಲೆಕ್ಕವೇ ಇದೂ. ಆದ್ದರಿಂದ ಅಗ್ಗದ ಹಾದಿ ಹುಡುಕುವುದು ತಪ್ಪಲ್ಲ. ಆದರೆ ಅಗ್ಗವನ್ನು ಮೊದಲು ನೋಡಿ, ಆಚೆ ಬದಿಯಲ್ಲಿ ಪೇಢಿ ಉಂಟೋ ಇಲ್ಲವೋ ಎಂಬುದನ್ನು ಆಮೇಲೆ ನೋಡುವವರೇ ಬಹುತೇಕ ಹಣ ಕಳೆದುಕೊಳ್ಳುವವರು.

ಯಂತ್ರ ಈ ತಪ್ಪನ್ನು ತಡೆಯುವುದಿಲ್ಲವೆ? ಅರ್ಧ ಮಾತ್ರ ತಡೆಯುತ್ತದೆ. ಟ್ರಾನ್‌ನ ವಿಳಾಸ ಇಂಗ್ಲಿಷಿನ ‘ಟಿ’ ಅಕ್ಷರದಿಂದ ಆರಂಭವಾಗಿ 34 ಅಕ್ಷರಗಳಷ್ಟಿರುತ್ತದೆ. ಇಥೀರಿಯಂನದು ಸೊನ್ನೆ ಮತ್ತು ‘ಎಕ್ಸ್’ ಎಂದು ಆರಂಭವಾಗಿ ಮುಂದೆ 40 ಅಂಕೆ-ಅಕ್ಷರಗಳು. ಒಂದನ್ನು ಇನ್ನೊಂದರಲ್ಲಿ ತುಂಬಿದರೆ ಯಂತ್ರ ಒಪ್ಪುವುದಿಲ್ಲ. ಆದರೆ ಬಿ.ಎನ್.ಬಿ. ಸ್ಮಾರ್ಟ್ ಚೈನ್, ಪಾಲಿಗಾನ್, ಆರ್ಬಿಟ್ರಂ ಮೊದಲಾದವು ಇಥೀರಿಯಂನ ಅಚ್ಚಿನಲ್ಲಿಯೇ ಎರಕ ಹೊಯ್ದವು. ಅವುಗಳ ವಿಳಾಸ ಅಕ್ಷರಶಃ ಒಂದೇ ರೂಪದ್ದು. ಇಥೀರಿಯಂಗೆಂದು ಕೊಟ್ಟ ವಿಳಾಸಕ್ಕೆ ಬಿ.ಎನ್.ಬಿ. ಹಾದಿಯಲ್ಲಿ ಕಳುಹಿಸಿದರೆ ಯಂತ್ರ ತುಟಿ ಪಿಟಕ್ಕೆನ್ನದೆ ಕಳುಹಿಸಿಬಿಡುತ್ತದೆ. ಅದೇ ಹೆಸರಿನ ಓಣಿ, ಅದೇ ಮನೆ ನಂಬರು, ಆದರೆ ಊರು ಬೇರೆ.

ಹಳೆಯ ರೂಪಾಯಿಯ ಬಟ್ಟಾದ ಕಥೆಯೂ ಇಲ್ಲಿ ಮರುಕಳಿಸುತ್ತದೆ. ಬಿ.ಎನ್.ಬಿ. ಪುಸ್ತಕದಲ್ಲಿರುವ ಯು.ಎಸ್.ಡಿ.ಟಿ. ಟೆದರ್ ಕಂಪನಿಯೇ ಟಂಕಿಸಿದ್ದಲ್ಲ. ಬೈನಾನ್ಸ್ ಎಂಬ ವಿನಿಮಯ ಕೇಂದ್ರ ಮೂಲ ನಾಣ್ಯಗಳನ್ನು ಒತ್ತೆಯಿಟ್ಟುಕೊಂಡು ಬರೆದದ್ದು. ಯು.ಎಸ್.ಡಿ.ಸಿ.ಯಲ್ಲಿಯೂ ಕೆಲವು ಪುಸ್ತಕಗಳಲ್ಲಿ ಕಂಪನಿಯ ಸ್ವಂತ ನಾಣ್ಯ ಒಂದು, ಸೇತುವೆಯ ಮೂಲಕ ಬಂದದ್ದು ಇನ್ನೊಂದು. ಕೆಲವು ಕೇಂದ್ರಗಳು ಒಂದನ್ನು ಸ್ವೀಕರಿಸಿ ಇನ್ನೊಂದನ್ನು ಸ್ವೀಕರಿಸುವುದಿಲ್ಲ. ಹೆಸರು ಒಂದೇ, ಟಂಕಸಾಲೆ ಬೇರೆ.

ತಪ್ಪು ಹಾದಿಯಲ್ಲಿ ಹೋದ ಹಣದ ಗತಿಯೇನು? ಎಲ್ಲವೂ ಮುಳುಗಿದಂತಲ್ಲ. ಇಥೀರಿಯಂ ಅಚ್ಚಿನ ಎಲ್ಲ ಪುಸ್ತಕಗಳಲ್ಲಿಯೂ ಒಂದು ವಿಳಾಸಕ್ಕೆ ಒಂದೇ ಗುಪ್ತ ಕೀಲಿ ಸಲ್ಲುತ್ತದೆ. ಹಣ ಹೋದದ್ದು ತನ್ನದೇ ಕೈಚೀಲದ, ಅಂದರೆ ವಾಲೆಟ್ಟಿನ, ವಿಳಾಸಕ್ಕಾದರೆ ಆ ಇನ್ನೊಂದು ನೆಟ್‌ವರ್ಕನ್ನು ವಾಲೆಟ್ಟಿಗೆ ಸೇರಿಸಿಕೊಂಡರೆ ಹಣ ಕಣ್ಣಿಗೆ ಬೀಳುತ್ತದೆ. ಅಲ್ಲಿಂದ ಹೊರಡಿಸಲು ಆ ಪುಸ್ತಕದ ಸುಂಕದ ನಾಣ್ಯ ಒಂದಿಷ್ಟು ಬೇಕು, ಅಷ್ಟೆ. ವಿನಿಮಯ ಕೇಂದ್ರದ ವಿಳಾಸಕ್ಕೆ ಹೋಗಿದ್ದರೆ ಕೀಲಿ ಕೇಂದ್ರದ ಬಳಿ ಇದೆ. ಅವರು ಮನಸ್ಸು ಮಾಡಿದರೆ ತೆಗೆದುಕೊಡಬಲ್ಲರು. ಕೆಲವರು ಶುಲ್ಕ ಪಡೆದು, ವಾರಗಟ್ಟಲೆ ಕಾಯಿಸಿ ಕೊಡುತ್ತಾರೆ. ಕೆಲವರು ಆಗುವುದಿಲ್ಲವೆಂದು ತಮ್ಮ ಷರತ್ತುಗಳಲ್ಲಿಯೇ ಬರೆದಿಟ್ಟಿರುತ್ತಾರೆ. ಇನ್ನು ಪಡೆಯುವವನ ವಿಳಾಸದ ಬದಲು ನಾಣ್ಯದ ಮೂಲ ಕರಾರಿನ ವಿಳಾಸವನ್ನೇ ನಕಲು ಮಾಡಿ ಅಂಟಿಸುವವರಿದ್ದಾರೆ. ಅದಕ್ಕೆ ಕೀಲಿಯೇ ಇಲ್ಲ. ಹಣ ಅಲ್ಲಿಯೇ ಇದೆಯೆಂದು ಲೋಕದ ಯಾರು ಬೇಕಾದರೂ ನೋಡಬಹುದು, ತೆಗೆಯುವವರು ಯಾರೂ ಇಲ್ಲ.

ಹುಂಡಿಯ ‘ಜೋಗ್’ ಇಲ್ಲಿಯೂ ಒಂದು ರೂಪದಲ್ಲಿ ಉಳಿದಿದೆ. ಟಾನ್, ಸ್ಟೆಲ್ಲರ್, ಎಕ್ಸ್.ಆರ್.ಪಿ.ಯಂಥ ಪುಸ್ತಕಗಳಲ್ಲಿ ವಿನಿಮಯ ಕೇಂದ್ರದ ಎಲ್ಲ ಗ್ರಾಹಕರಿಗೂ ಸಾಮಾನ್ಯವಾಗಿ ಒಂದೇ ವಿಳಾಸ; ಯಾರ ಲೆಕ್ಕಕ್ಕೆ ಎಂದು ತಿಳಿಸಲು ‘ಮೆಮೊ’ ಅಥವಾ ‘ಟ್ಯಾಗ್’ ಎಂಬ ಸಂಖ್ಯೆ ಬರೆಯಬೇಕು. ಬರೆಯದಿದ್ದರೆ ಹಣ ಪೇಢಿಗೆ ಮುಟ್ಟುತ್ತದೆ, ಹೆಸರಿಗೆ ಮುಟ್ಟುವುದಿಲ್ಲ.

ಇನ್ನು ಪೇಠ? ನಾಣ್ಯ ಹೊರಡಿಸಿದ ಕಂಪನಿ ಮನಸ್ಸು ಮಾಡಿದರೆ ಅದೂ ಸಾಧ್ಯ. 2020ರ ಸೆಪ್ಟೆಂಬರಿನಲ್ಲಿ ಹತ್ತು ಲಕ್ಷ ಡಾಲರಿನಷ್ಟು ಯು.ಎಸ್.ಡಿ.ಟಿ.ಯನ್ನು ತಪ್ಪು ಕರಾರಿನ ವಿಳಾಸಕ್ಕೆ ಕಳುಹಿಸಿದವರಿಗೆ ಟೆದರ್ ಕಂಪನಿ ಅದನ್ನು ಮರಳಿ ಕೊಡಿಸಿದ್ದುಂಟು. ಅಂದರೆ ಅಳಿಸಲಾಗದ ಪುಸ್ತಕಕ್ಕೂ ಬರೆಯುವ ಧಣಿಯೊಬ್ಬನಿದ್ದಾನೆ. ಆದರೆ ಅದು ಕೃಪೆ. ಹುಂಡಿಯ ಪೇಠ ಹಕ್ಕು. ಹುಬ್ಬಳ್ಳಿಯ ಯಾವ ಸಣ್ಣ ವರ್ತಕನೂ ಐವತ್ತು ರೂಪಾಯಿಯ ಹುಂಡಿ ಕಳೆದರೂ ಪೇಠ ಕೇಳಬಹುದಿತ್ತು. ಐವತ್ತು ಡಾಲರ್ ಕಳೆದುಕೊಂಡ ಕಮರಿಪೇಟೆಯ ತರುಣನಿಗೆ ಆ ಕಂಪನಿಯ ಬಾಗಿಲು ತೆರೆಯುವುದು ಅಷ್ಟು ಸುಲಭವಲ್ಲ. ಹಳೆಯ ಪೇಟೆಯಲ್ಲಿದ್ದು ಹೊಸ ಪೇಟೆಯಲ್ಲಿ ಕಾಣೆಯಾದ ಉತ್ತರ ಇದೇ.

ಕಾನೂನು ಏನು ಹೇಳುತ್ತದೆ? ನಮ್ಮ ದೇಶದಲ್ಲಿ ಈ ವ್ಯವಹಾರ ಹಲವು ತಿರುವು ಕಂಡಿದೆ. ಬಿಟ್‌ಕಾಯಿನ್ ವ್ಯವಹಾರಕ್ಕೆಂದು ಬೆಂಗಳೂರಿನಲ್ಲಿ ಯುನೊಕಾಯಿನ್ ಎಂಬ ಕಂಪನಿ 2013ರಲ್ಲಿಯೇ ತಲೆಯೆತ್ತಿತು. 2018ರ ಏಪ್ರಿಲಿನಲ್ಲಿ ರಿಸರ್ವ್ ಬ್ಯಾಂಕು ಇಂಥ ಕಂಪನಿಗಳಿಗೆ ಬ್ಯಾಂಕುಗಳು ಸೇವೆ ಕೊಡಬಾರದೆಂದು ಸುತ್ತೋಲೆ ಹೊರಡಿಸಿತು. ಅದೇ ವರ್ಷ ಅಕ್ಟೋಬರಿನಲ್ಲಿ ಆ ಕಂಪನಿ ಬೆಂಗಳೂರಿನ ಮಾಲೊಂದರಲ್ಲಿ ಇಟ್ಟ ಯಂತ್ರವನ್ನು ಪೊಲೀಸರು ವಶಪಡಿಸಿಕೊಂಡರು. 2020ರ ಮಾರ್ಚ್ 4ರಂದು ಸುಪ್ರೀಂ ಕೋರ್ಟ್ ಸುತ್ತೋಲೆಯನ್ನೇ ರದ್ದುಪಡಿಸಿತು. 2022ರಿಂದ ಲಾಭದ ಮೇಲೆ ಶೇಕಡಾ 30ರ ತೆರಿಗೆಯೂ ಮಾರಾಟದ ಮೇಲೆ ಶೇಕಡಾ 1ರ ಮೂಲ ಕಡಿತವೂ ಬಂದವು. 2023ರಲ್ಲಿ ಈ ಕೇಂದ್ರಗಳು ಹಣ ಅಕ್ರಮ ಸಾಗಣೆ ತಡೆ ಕಾಯಿದೆಯ ವ್ಯಾಪ್ತಿಗೆ ಸೇರಿದವು. ತೆರಿಗೆ ಕೊಡುವುದಕ್ಕೆ ಕಾನೂನು ಸ್ಪಷ್ಟವಾಗಿದೆ. ತಪ್ಪು ಹಾದಿಯಲ್ಲಿ ಹೋದ ನಾಣ್ಯವನ್ನು ಕೇಳುವುದಕ್ಕೆ 1881ರ ಕಾಯಿದೆಯಂಥ ಕಲಮಾಗಲಿ, ಬ್ಯಾಂಕಿನ ಲೋಕಪಾಲರಂಥ ಕಚೇರಿಯಾಗಲಿ ಇಲ್ಲ. ಪೇಢಿಯೇ ಕುಸಿದರೆ ಇನ್ನೂ ಕಷ್ಟ. 2024ರ ಜುಲೈನಲ್ಲಿ ಮುಂಬಯಿಯ ವಜೀರ್‌ಎಕ್ಸ್ ಕೇಂದ್ರದಿಂದ ಸುಮಾರು 23 ಕೋಟಿ ಡಾಲರ್ ಬೆಲೆಯ ನಾಣ್ಯಗಳು ಕಳವಾದಾಗ ಅದರ ಗ್ರಾಹಕರು ವರ್ಷಕ್ಕೂ ಮೇಲೆ ಕಾಯಬೇಕಾಯಿತು.

ಪೇಠವಿಲ್ಲದ ಪೇಟೆಯಲ್ಲಿ ಎಚ್ಚರದ ಜನ ನಡೆಸುವ ಕ್ರಮ ಹೀಗಿದೆ. ಮೊದಲು ಪಡೆಯುವ ಕೇಂದ್ರದ ಜಮಾ ಪುಟ ತೆರೆದು, ಅದು ಯಾವ ನಾಣ್ಯವನ್ನು ಯಾವ ಯಾವ ಹಾದಿಯಲ್ಲಿ ಸ್ವೀಕರಿಸುತ್ತದೆಂದು ನೋಡುತ್ತಾರೆ. ಆಮೇಲೆ ಕಳುಹಿಸುವ ಕೇಂದ್ರದ ಪಟ್ಟಿ. ಎಷ್ಟೋ ಭಾರತೀಯ ಕೇಂದ್ರಗಳು ಹೊರಗೆ ಕಳುಹಿಸಲು ಬಿಡುವುದೇ ಇಲ್ಲ ಅಥವಾ ಒಂದೆರಡು ಹಾದಿ ಮಾತ್ರ ತೆರೆದಿಟ್ಟಿರುತ್ತವೆ. ಎರಡೂ ಪಟ್ಟಿಗಳಲ್ಲಿರುವ ಹಾದಿಗಳ ನಡುವೆ ಮಾತ್ರ ಸುಂಕದ ಹೋಲಿಕೆ. ಇಥೀರಿಯಂ ಹಾದಿಗೆ ಇ.ಆರ್.ಸಿ.–20 ಎಂದೂ, ಟ್ರಾನ್‌ಗೆ ಟಿ.ಆರ್.ಸಿ.–20 ಎಂದೂ, ಬಿ.ಎನ್.ಬಿ.ಗೆ ಬಿ.ಇ.ಪಿ.–20 ಎಂದೂ ಬರೆದಿರುವುದುಂಟು; ಒಂದೇ ಅಕ್ಷರದ ವ್ಯತ್ಯಾಸವೆಂದು ಕಣ್ಣು ಹಾಯಿಸಿ ಬಿಡುವಂತಿಲ್ಲ. ಕನಿಷ್ಠ ಮೊತ್ತ ಎಷ್ಟು, ಮೆಮೊ ಬೇಕೋ ಎಂದು ನೋಡಿಕೊಂಡು ಮೊದಲು ಸಣ್ಣದೊಂದು ಮೊತ್ತ ಕಳುಹಿಸುತ್ತಾರೆ. ಅದು ಆಚೆ ಜಮಾ ಆಯಿತೆಂದು ಕಂಡ ಮೇಲೆಯೇ ಉಳಿದದ್ದು. ಎರಡು ಸಲ ಸುಂಕ ಬೀಳುತ್ತದೆ. ಸಾವಿರ ರೂಪಾಯಿಯನ್ನು ಅರ್ಧ ಐದು ನೂರು, ಇಮ್ಮಡಿ ಸಾವಿರ ಎಂದು ಬರೆಯುವಾಗಲೂ ಗುಮಾಸ್ತನ ಶಾಯಿ ಸ್ವಲ್ಪ ಹೆಚ್ಚೇ ಖರ್ಚಾಗುತ್ತಿತ್ತು.

ಒಮ್ಮೆ ನಡೆದ ಹಾದಿ ಮುಂದೆಯೂ ನಡೆಯುತ್ತದೆಂಬ ಭರವಸೆಯೂ ಇಲ್ಲ. ಟೆದರ್ 2014ರಲ್ಲಿ ಮೊಟ್ಟಮೊದಲು ನಡೆದದ್ದು ಬಿಟ್‌ಕಾಯಿನ್ ಪುಸ್ತಕದ ಮೇಲೆ ಕಟ್ಟಿದ ಓಮ್ನಿ ಎಂಬ ಹಾದಿಯಲ್ಲಿ. ಕೆಲವು ವರ್ಷ ಅದೇ ರಾಜಮಾರ್ಗ. ಜನ ಇಥೀರಿಯಂ, ಟ್ರಾನ್‌ಗಳತ್ತ ಹೊರಳಿದರು. 2023ರ ಆಗಸ್ಟಿನಲ್ಲಿ ಕಂಪನಿ ಓಮ್ನಿಯಲ್ಲಿ ಇನ್ನು ಹೊಸ ನಾಣ್ಯ ಬರೆಯುವುದಿಲ್ಲವೆಂದು ಘೋಷಿಸಿತು. ರೈಲು ಬಂದ ಮೇಲಿನ ದೇವಿಮನೆ ಘಟ್ಟದಂತೆ ಆ ಹಾದಿ ಇಂದಿಗೂ ಇದೆ, ಅಲ್ಲಿಯ ಹಳೆಯ ವಿಳಾಸಗಳೂ ಇವೆ; ಆಚೆ ತುದಿಯಲ್ಲಿ ಬಾಗಿಲು ತೆರೆದಿಟ್ಟ ಪೇಢಿಗಳು ಬಹಳ ಉಳಿದಿಲ್ಲ. ಹೋದ ವರ್ಷ ಹಣ ಸರಿಯಾಗಿ ಮುಟ್ಟಿದ ವಿಳಾಸವನ್ನು ಡೈರಿಯಲ್ಲಿ ಬರೆದಿಟ್ಟುಕೊಂಡವರು ಕೂಡ ಈ ವರ್ಷ ಕಳುಹಿಸುವ ಮೊದಲು ಜಮಾ ಪುಟವನ್ನು ಮತ್ತೊಮ್ಮೆ ತೆರೆದು ನೋಡುತ್ತಾರೆ.